ಹಳ್ಳಿಯ ಹಿರಿಯರಿಗಾಗಿ ಆರೋಗ್ಯ ಕಾರ್ಯಕ್ರಮ: ಬಾರದವರನ್ನು ತಲುಪುವುದು ಹೇಗೆ?

ಸಂಘಟಕಿ (ಚರ್ಚೆಯ ಆರಂಭ)

ಗ್ರಾಮೀಣ ಪ್ರದೇಶದ ಕೆಲವು ಹಳ್ಳಿಗಳಲ್ಲಿ 60 ವರ್ಷ ದಾಟಿದವರಿಗಾಗಿ ಆರೋಗ್ಯ ಕಾರ್ಯಕ್ರಮವೊಂದನ್ನು ರೂಪಿಸುವ ಹೊಣೆಯನ್ನು ನಮ್ಮ ಸಣ್ಣ ಸ್ವಯಂಸೇವಾ ಗುಂಪು ಹೊತ್ತುಕೊಂಡಿದೆ. ಒಂದು ವರ್ಷದ ಮಟ್ಟಿಗೆ ಹಣದ ಭರವಸೆ ಸಿಕ್ಕಿದೆ. ಆ ಬಳಿಕದ ಮಾತು ಈ ವರ್ಷದ ಕೆಲಸವನ್ನು ನೋಡಿ ತೀರ್ಮಾನವಾಗಲಿದೆ. ಗುಂಪಿನೊಳಗೆ ಮೂರು ಅಭಿಪ್ರಾಯಗಳಿವೆ. ತಿಂಗಳಿಗೊಮ್ಮೆ ವೈದ್ಯರನ್ನು ಕರೆಸಿ ತಪಾಸಣಾ ಶಿಬಿರ ನಡೆಸೋಣ ಎನ್ನುವವರು ಕೆಲವರು, ವಾರಕ್ಕೊಮ್ಮೆ ವ್ಯಾಯಾಮ ತರಗತಿ ಸಾಕು ಎನ್ನುವವರು ಕೆಲವರು. ಇವೆರಡೂ ಬೇಡ, ಹಿರಿಯರು ಒಂದೆಡೆ ಸೇರಿ ಮಾತನಾಡಲು ಜಾಗ ಮಾಡಿಕೊಟ್ಟರೆ ಉಳಿದದ್ದು ತಾನಾಗಿಯೇ ಆಗುತ್ತದೆ ಎಂಬುದು ಇನ್ನುಳಿದವರ ವಾದ. ಮೂರನ್ನೂ ಒಟ್ಟಿಗೆ ನಡೆಸುವಷ್ಟು ಜನಬಲವಾಗಲಿ ಹಣವಾಗಲಿ ನಮ್ಮಲ್ಲಿಲ್ಲ.

ಆರೋಗ್ಯಕರ ವೃದ್ಧಾಪ್ಯವೆಂದರೆ ಕಾಯಿಲೆಯೇ ಇಲ್ಲದಿರುವುದಲ್ಲ, ತನಗೆ ಮುಖ್ಯವೆನಿಸುವ ಕೆಲಸಗಳನ್ನು ಮಾಡಿಕೊಂಡು ನೆಮ್ಮದಿಯಿಂದ ಬಾಳಲು ಬೇಕಾದ ಸಾಮರ್ಥ್ಯವನ್ನು ಬೆಳೆಸಿ ಉಳಿಸಿಕೊಳ್ಳುವುದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ವರದಿಯಲ್ಲಿ ವಿವರಿಸಿದೆ. 2021ರಿಂದ 2030ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆಯು ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿದ್ದೂ ಇದೇ ಅರ್ಥದಲ್ಲಿ. ಮಾತೇನೋ ಒಪ್ಪುವಂಥದ್ದೇ, ಆದರೆ ಬರುವ ತಿಂಗಳು ಯಾವ ಕೆಲಸಕ್ಕೆ ಮೊದಲು ಕೈಹಾಕಬೇಕು ಎಂಬ ನಮ್ಮ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಇಂತಹ ಕೆಲಸದಲ್ಲಿ ತೊಡಗಿರುವವರು ದಯವಿಟ್ಟು ನೇರವಾಗಿ ಹೇಳಬೇಕು.

ಸಮುದಾಯ ನರ್ಸ್

ಮೂರರಲ್ಲಿ ಶಿಬಿರವೇ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವಂಥದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಕಡಿಮೆ ಫಲ ಕೊಡುವಂಥದ್ದು. ಶಿಬಿರದ ದಿನ ಸಾಲು ಉದ್ದವಿರುತ್ತದೆ, ಫೋಟೊಗಳು ಚೆನ್ನಾಗಿ ಬರುತ್ತವೆ, ರಕ್ತದೊತ್ತಡ ಅಳೆದು ಚೀಟಿ ಬರೆದು ಕಳುಹಿಸುತ್ತೇವೆ. ಮುಂದಿನ ಶಿಬಿರಕ್ಕೆ ಅದೇ ವ್ಯಕ್ತಿ ಅದೇ ಚೀಟಿಯನ್ನು ಮಡಚಿ ಹಿಡಿದುಕೊಂಡು ಬರುತ್ತಾರೆ, ಒತ್ತಡವೂ ಇದ್ದಷ್ಟೇ ಇರುತ್ತದೆ. ಏಕೆಂದರೆ ನಡುವಿನ ದಿನಗಳಲ್ಲಿ ಮಾತ್ರೆ ತರಲು ಹೋಗುವುದಕ್ಕೆ ವಾಹನವಾಗಲಿ, ಜೊತೆಗೊಬ್ಬರಾಗಲಿ, ಹಣವಾಗಲಿ ಒದಗಿಬಂದಿರುವುದಿಲ್ಲ. ತೊಂದರೆ ಪತ್ತೆಯಾದ ಮೇಲೆ ಮುಂದೇನು, ಅಲ್ಲಿಯತನಕ ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ನಡೆಸುವ ತಪಾಸಣೆಯಿಂದ ಜನರಿಗೆ ಸಿಗುವುದು ಚಿಂತೆಯೊಂದೇ.

ಹಾಗೆಂದು ತಪಾಸಣೆಯೇ ಬೇಡವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಐಕೋಪ್ (ಹಿರಿಯರ ಸಮಗ್ರ ಆರೈಕೆ) ಕೈಪಿಡಿಯು ನಡೆದಾಟ, ನೆನಪು, ಪೋಷಣೆ, ದೃಷ್ಟಿ, ಶ್ರವಣ ಮತ್ತು ಮನಸ್ಥಿತಿ ಎಂಬ ಆರು ಸಂಗತಿಗಳನ್ನು ಸರಳವಾಗಿ ನೋಡುವ ಕ್ರಮವನ್ನು ಹೇಳಿಕೊಡುತ್ತದೆ. ಮೂರು ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ಬಳಿಕ ನೆನಪಿವೆಯೇ ಎಂದು ಕೇಳುವುದು, ಕಳೆದ ಮೂರು ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ತೂಕ ತಾನಾಗಿ ಇಳಿದಿದೆಯೇ ಎಂದು ವಿಚಾರಿಸುವುದು, ಕೈಗಳ ಆಸರೆಯಿಲ್ಲದೆ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು 14 ಸೆಕೆಂಡಿನೊಳಗೆ ಮುಗಿಯುತ್ತದೆಯೇ ಎಂದು ನೋಡುವುದು, ಹೀಗೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಇದನ್ನು ಮನೆಯ ಜಗಲಿಯಲ್ಲಿಯೇ ಮಾಡಬಹುದು, ವೈದ್ಯರೇ ಬರಬೇಕೆಂದಿಲ್ಲ.

ಆ ಕುರ್ಚಿಯ ಪರೀಕ್ಷೆಯನ್ನು ಹತ್ತಿರ ನಿಂತು ನೋಡಬೇಕು. ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇಟ್ಟುಕೊಳ್ಳಿ ಎಂದೊಡನೆಯೇ ಕೆಲವರ ಮುಖಭಾವ ಬದಲಾಗುತ್ತದೆ. ಮೊದಲ ಸಲ ಮೈಯನ್ನು ಮುಂದಕ್ಕೆ ಜೀಕಿ ಹೇಗೋ ಎದ್ದುಬಿಡುತ್ತಾರೆ. ಮೂರನೆಯ ಸಲಕ್ಕೆ ಮೊಣಕಾಲುಗಳು ಒಂದಕ್ಕೊಂದು ಆತುಕೊಳ್ಳುತ್ತವೆ. ನಾಲ್ಕನೆಯ ಸಲಕ್ಕೆ ಬಲಗೈ ತನ್ನಷ್ಟಕ್ಕೆ ಕೆಳಗಿಳಿದು ತೊಡೆಯನ್ನು ಒತ್ತುತ್ತದೆ, ಅದು ಇಳಿದದ್ದು ಅವರಿಗೇ ತಿಳಿದಿರುವುದಿಲ್ಲ. ಬಾಯಲ್ಲಿ ಮಾತ್ರ ‘ನನಗೇನೂ ತೊಂದರೆಯಿಲ್ಲ’ ಎಂಬ ಮಾತೇ ಇರುತ್ತದೆ. ಇಂಥವರು ಇನ್ನೂ ಬಿದ್ದಿರುವುದಿಲ್ಲ, ಹಾಗಾಗಿ ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇರುವುದಿಲ್ಲ. ನಮ್ಮ ಕೆಲಸ ಇರುವುದು ಇಂಥವರ ಜೊತೆಯಲ್ಲಿಯೇ.

ಫಿಸಿಯೋಥೆರಪಿಸ್ಟ್

ಮೇಡಂ ಹೇಳಿದ ಆ ಬಲಗೈಯಿಂದಲೇ ನಾನು ಮುಂದುವರಿಸುತ್ತೇನೆ. ಅಂಥವರಿಗೆ ವ್ಯಾಯಾಮ ಬೇಕು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಯಾವ ವ್ಯಾಯಾಮ, ಎಷ್ಟು ಎಂಬುದನ್ನು ಹೆಚ್ಚಿನ ಕಾರ್ಯಕ್ರಮಗಳು ಕೇಳಿಕೊಳ್ಳುವುದೇ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನರು ಬಿದ್ದ ಕಾರಣದಿಂದ ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು. ಬೀಳುವುದನ್ನು ತಡೆಯುವಲ್ಲಿ ವ್ಯಾಯಾಮದ ಪಾತ್ರವನ್ನು ಪರಿಶೀಲಿಸಿದ 2019ರ ಕೊಕ್ರೇನ್ ವಿಮರ್ಶೆಯು (ಒಂದೇ ವಿಷಯದ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ವರದಿ) ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಬೀಳುವ ಪ್ರಮಾಣ ಶೇ. 23ರಷ್ಟು ಇಳಿಯುತ್ತದೆ ಎಂದು ಕಂಡುಕೊಂಡಿತು. ಆದರೆ ಆ ಫಲ ಬರುವುದು ಸಮತೋಲನಕ್ಕೆ ಸವಾಲೊಡ್ಡುವ, ಅಂದರೆ ನಿಂತುಕೊಂಡು ಮಾಡುವ ವ್ಯಾಯಾಮಗಳಿಂದ. ಕುರ್ಚಿಯಲ್ಲಿ ಕುಳಿತು ಕೈ ಬೀಸಿ, ಕುತ್ತಿಗೆ ತಿರುಗಿಸಿ, ಚಪ್ಪಾಳೆ ತಟ್ಟಿ ಮನೆಗೆ ಹೋಗುವ ತರಗತಿ ಮನಸ್ಸಿಗೆ ಹಿತವೆನಿಸಬಹುದು, ಕಾಲುಗಳಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಪ್ರಮಾಣವೂ ಮುಖ್ಯ. 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 65 ದಾಟಿದವರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ವಾರಕ್ಕೆ ಮೂರು ಅಥವಾ ಹೆಚ್ಚು ದಿನ ಸಮತೋಲನ ಮತ್ತು ಬಲವನ್ನು ಹೆಚ್ಚಿಸುವ ಅಭ್ಯಾಸವನ್ನೂ ಹೇಳುತ್ತದೆ. ವಾರಕ್ಕೊಂದು ಗಂಟೆಯ ತರಗತಿಯಿಂದ ಈ ಲೆಕ್ಕ ತುಂಬುವುದಿಲ್ಲ. ಹಾಗಾದರೆ ದೂರದೂರದಲ್ಲಿ ಮನೆಗಳಿರುವ ಹಳ್ಳಿಗಳಲ್ಲಿ ಜನರನ್ನು ವಾರಕ್ಕೆ ಮೂರು ಸಲ ಕರೆತರಬೇಕೇ? ಬೇಕಿಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಟಾಗೊ ವ್ಯಾಯಾಮ ಕ್ರಮವು ಮನೆಯಲ್ಲೇ ಮಾಡುವಂಥದ್ದು. ಕಾಲಿನ ಬಲಕ್ಕೂ ಸಮತೋಲನಕ್ಕೂ ಸಂಬಂಧಿಸಿದ 17 ವ್ಯಾಯಾಮಗಳು, ವಾರಕ್ಕೆ ಮೂರು ದಿನ ಅರ್ಧ ಗಂಟೆ, ಜೊತೆಗೆ ಕನಿಷ್ಠ ಎರಡು ದಿನ ನಡಿಗೆ. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಅಥವಾ ನರ್ಸ್ ಮನೆಗೆ ಹೋಗಿ ಕಲಿಸುತ್ತಾರೆ, ಕಾಲಿಗೆ ಕಟ್ಟುವ ತೂಕವನ್ನು ಆಯಾ ವ್ಯಕ್ತಿಗೆ ತಕ್ಕಂತೆ ಹಂತಹಂತವಾಗಿ ಏರಿಸುತ್ತಾರೆ, ನಡುನಡುವೆ ಫೋನಿನಲ್ಲಿ ವಿಚಾರಿಸುತ್ತಾರೆ. ನಾಲ್ಕು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಮಾಡಿ ನೋಡಿದಾಗ ಬೀಳುವುದು ಶೇ. 35ರಷ್ಟು ಕಡಿಮೆಯಾಗಿತ್ತು. ಎಂಬತ್ತು ದಾಟಿದವರಿಗೆ ಇದರ ಪ್ರಯೋಜನ ಇನ್ನೂ ಹೆಚ್ಚು.

ಆದ್ದರಿಂದ ನನ್ನ ಸಲಹೆ: ತರಗತಿಯನ್ನು ಕಲಿಸುವ, ಹುರಿದುಂಬಿಸುವ ಜಾಗವಾಗಿ ಇಟ್ಟುಕೊಳ್ಳಿ, ಅಭ್ಯಾಸ ಮನೆಯಲ್ಲಿ ನಡೆಯಲಿ. ನಿಲ್ಲಿಸಿದರೆ ಗಳಿಸಿದ ಬಲ ಕೆಲವೇ ತಿಂಗಳಲ್ಲಿ ಇಳಿದುಹೋಗುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ.

ನಿವೃತ್ತ ಶಿಕ್ಷಕ

ನನಗೀಗ ಎಪ್ಪತ್ತಾರು. ಇಂತಹ ಕಾರ್ಯಕ್ರಮಗಳು ಯಾರಿಗಾಗಿ ನಡೆಯುತ್ತವೆಯೋ ಆ ಬಳಗದವನು ನಾನು, ಆದ್ದರಿಂದ ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಬೇಸರಿಸಬಾರದು.

ನಮ್ಮ ಕಡೆ ಯಾವುದೇ ಕಾರ್ಯಕ್ರಮ ನಡೆದರೂ ಮುಂದಿನ ಸಾಲಿನಲ್ಲಿ ಕೂರುವವರಲ್ಲಿ ನಾನೂ ಒಬ್ಬ. ನನಗೆ ಕಾಲು ಗಟ್ಟಿಯಿದೆ, ಪಿಂಚಣಿ ಬರುತ್ತದೆ, ಮಾತು ಬರುತ್ತದೆ, ಸುತ್ತಲಿನವರಿಗೆ ನನ್ನ ಪರಿಚಯವಿದೆ. ನಿಜ ಹೇಳಬೇಕೆಂದರೆ ಆ ಕಾರ್ಯಕ್ರಮಗಳ ಅಗತ್ಯ ನನಗೆ ಅಷ್ಟಾಗಿ ಇಲ್ಲ. ಅಗತ್ಯವಿರುವವರು ಯಾರೆಂದು ನನಗೆ ಗೊತ್ತು: ಗಂಡ ತೀರಿಕೊಂಡ ಮೇಲೆ ಹೊಸಿಲು ದಾಟುವುದನ್ನೇ ಕಡಿಮೆ ಮಾಡಿದವರು, ಕಿವಿ ಕೇಳದೆ ಜನರ ನಡುವೆ ನಗೆಪಾಟಲಾಗುವುದಕ್ಕೆ ಅಂಜುವವರು, ಮೂತ್ರ ತಡೆದುಕೊಳ್ಳಲಾಗದ ಕಾರಣಕ್ಕೆ ಎರಡು ಗಂಟೆ ಎಲ್ಲಿಯೂ ಕೂರಲಾರದವರು, ಈ ವಯಸ್ಸಿನಲ್ಲೂ ಕೂಲಿಗೆ ಹೋಗಲೇಬೇಕಾದವರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯಬೇಕಾದ ಅಜ್ಜಿಯರು. ಇವರಲ್ಲಿ ಒಬ್ಬರೂ ಬಂದಿರುವುದಿಲ್ಲ, ವರದಿಯಲ್ಲಿ ಮಾತ್ರ ‘ಹಿರಿಯರಿಂದ ಉತ್ತಮ ಸ್ಪಂದನೆ’ ಎಂದು ಬರೆದಿರುತ್ತದೆ.

ಇನ್ನೊಂದು ಮಾತು. ನಮ್ಮನ್ನು ಸಾಲಾಗಿ ಕೂರಿಸಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಏನು ತಿನ್ನಬೇಕು, ಹೇಗೆ ನಡೆಯಬೇಕು ಎಂದು ಉಪದೇಶ ಮಾಡುವುದನ್ನು ದಯವಿಟ್ಟು ಬಿಡಿ. ಬದುಕಿನುದ್ದಕ್ಕೂ ಮನೆ, ಹೊಲ, ಸಂಸಾರ ನಡೆಸಿದವರಿಗೆ ಒಂದು ಕೂಟವನ್ನು ನಡೆಸುವುದು ಬಾರದ ವಿದ್ಯೆಯೇನಲ್ಲ.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ

ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ವಿಷಯದಲ್ಲಿ ಹಳೆಯ ಹೆಸರೊಂದಿದೆ. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದನ್ನು ವಿಲೋಮ ಆರೈಕೆಯ ನಿಯಮವೆಂದು ಕರೆದರು. ಒಳ್ಳೆಯ ವೈದ್ಯಕೀಯ ಆರೈಕೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ಅದು ಸಿಗುವುದು ಕಡಿಮೆ ಎಂಬುದು ಅದರ ತಾತ್ಪರ್ಯ. ಅವರು ಹೇಳಿದ್ದು ವೈದ್ಯಕೀಯ ಸೇವೆಯ ಬಗ್ಗೆ, ಆದರೆ ಸಮುದಾಯ ಕಾರ್ಯಕ್ರಮಗಳಿಗೂ ಅದು ಅಷ್ಟೇ ಸಲ್ಲುತ್ತದೆ.

ಸಂಘಟಕಿಯವರ ಮೂರನೆಯ ಆಯ್ಕೆಗೆ, ಅಂದರೆ ಕೂಡುವ ಜಾಗಕ್ಕೆ, ಜಪಾನಿನ ಒಂದು ಉದಾಹರಣೆಯನ್ನು ಗಮನಿಸಬಹುದು. ಐಚಿ ಪ್ರಾಂತ್ಯದ ತಾಕೆತೊಯೊ ಎಂಬ ಪಟ್ಟಣದಲ್ಲಿ 2007ರಿಂದ ಹಿರಿಯರ ಕೂಟಗಳನ್ನು ತೆರೆಯುತ್ತ ಬಂದರು. ಇವುಗಳನ್ನು ನಡೆಸುವವರು ಅಲ್ಲಿನ ಸ್ವಯಂಸೇವಕರೇ. ಆಟ, ಹಾಡು, ಕರಕುಶಲ, ಲಘು ವ್ಯಾಯಾಮ, ಹರಟೆ, ಇಷ್ಟೇ. ಕೆಲವು ವರ್ಷಗಳ ಬಳಿಕ ನೋಡಿದಾಗ ಕೂಟಗಳಿಗೆ ಬರುತ್ತಿದ್ದವರಲ್ಲಿ ದೈನಂದಿನ ಕೆಲಸಕ್ಕೆ ಪರರ ನೆರವು ಬೇಕಾಗುವ ಸ್ಥಿತಿ ಉಂಟಾದದ್ದು ಬಾರದವರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಇಲ್ಲಿಯೂ ಮೇಷ್ಟ್ರ ಆಕ್ಷೇಪವೇ ಎದುರಾಗುತ್ತದೆ: ಗಟ್ಟಿಮುಟ್ಟಾಗಿದ್ದವರೇ ಬಂದಿರಬಹುದಲ್ಲವೇ? ಸಂಶೋಧಕರು ಈ ಅನುಮಾನವನ್ನು ಎದುರಿಸಿದ ಬಗೆ ನನಗೆ ಬಹಳ ಹಿಡಿಸಿತು. ಮನೆಯಿಂದ ಕೂಟಕ್ಕೆ ಎಷ್ಟು ದೂರ ಎಂಬುದು ಯಾರ ಆರೋಗ್ಯವನ್ನೂ ನೋಡಿ ತೀರ್ಮಾನವಾದದ್ದಲ್ಲ. ಆದರೆ ಬರುವುದು ಬಿಡುವುದು ಆ ದೂರವನ್ನು ಅವಲಂಬಿಸಿದೆ. ಆ ದೂರವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕ ಹಾಕಿದಾಗಲೂ, ಭಾಗವಹಿಸಿದವರು ತಮ್ಮ ಆರೋಗ್ಯದ ಬಗ್ಗೆ ಉತ್ತಮ ಅಭಿಪ್ರಾಯ ಹೊಂದಿದ್ದರು.

ಸಂಶೋಧನೆಯ ಜಾಣ್ಮೆ ಒತ್ತಟ್ಟಿಗಿರಲಿ, ನಮಗೆ ಬೇಕಾದ ಪಾಠ ಅದರೊಳಗೇ ಇದೆ. ಕೂಟದೊಳಗೆ ಏನು ನಡೆಯುತ್ತದೆ ಎನ್ನುವುದಕ್ಕಿಂತ ಮೊದಲು ಕೂಟ ಎಲ್ಲಿದೆ ಎಂಬುದನ್ನು ನೋಡಿ ಜನ ಬರುತ್ತಾರೆ. ಒಂದು ದೊಡ್ಡ ಸಭಾಂಗಣಕ್ಕಿಂತ ಹಿರಿಯರು ನಡೆದು ಹೋಗಬಹುದಾದ ಹತ್ತಾರು ಪುಟ್ಟ ಜಾಗಗಳು ಮೇಲು.

ಸಂಘಟಕಿ

ಎಲ್ಲರಿಗೂ ಧನ್ಯವಾದಗಳು. ಶಿಬಿರದ ವಿಚಾರವನ್ನು ಬದಿಗಿಡಲು ನಮ್ಮ ಗುಂಪಿನ ಬಹುತೇಕರು ಒಪ್ಪಿದ್ದಾರೆ. ಪುಟ್ಟ ಜಾಗಗಳು ಹಲವಾದರೆ ಅವುಗಳನ್ನು ನಡೆಸುವವರೂ ಹಲವರು ಬೇಕು. ನಮ್ಮಲ್ಲಿರುವ ನರ್ಸ್ ಒಬ್ಬರೇ. ಫಿಸಿಯೋಥೆರಪಿಸ್ಟ್ ತಿಂಗಳಿಗೊಮ್ಮೆ ಬರಬಹುದು ಎನ್ನುವಷ್ಟೇ ಭರವಸೆ. ಹೀಗಿರುವಾಗ ವೃತ್ತಿಪರರಲ್ಲದವರ ಕೈಗೆ ಎಷ್ಟರಮಟ್ಟಿಗೆ ಕೆಲಸ ಒಪ್ಪಿಸಬಹುದು?

ಸಮುದಾಯ ನರ್ಸ್

ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಒಪ್ಪಿಸಬಹುದು, ಗಡಿ ಸ್ಪಷ್ಟವಿದ್ದರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಜೊತೆಗಾರರು ರೂಪಿಸಿದ ದೀರ್ಘಕಾಲದ ಕಾಯಿಲೆಗಳ ಸ್ವಯಂ ನಿರ್ವಹಣೆಯ ಕಾರ್ಯಕ್ರಮವು ಆರು ವಾರ, ವಾರಕ್ಕೆ ಎರಡೂವರೆ ಗಂಟೆ ನಡೆಯುತ್ತದೆ. ಅದನ್ನು ನಡೆಸುವುದು ಇಬ್ಬರು ಮುಂದಾಳುಗಳು, ಅವರಲ್ಲಿ ಒಬ್ಬರಾದರೂ ಸ್ವತಃ ಅಂತಹ ಕಾಯಿಲೆಯೊಂದಿಗೆ ಬಾಳುತ್ತಿರುವ ಸಾಮಾನ್ಯ ವ್ಯಕ್ತಿ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಆರಂಭಿಸಿದ ‘ಫ್ರೆಂಡ್‌ಶಿಪ್ ಬೆಂಚ್’ ಕೆಲಸದಲ್ಲಂತೂ ಖಿನ್ನತೆ, ಆತಂಕಗಳಿಂದ ಬಳಲುವವರ ಜೊತೆ ಚಿಕಿತ್ಸಾಲಯದ ಹೊರಗಿನ ಬೆಂಚಿನ ಮೇಲೆ ಕುಳಿತು ಮಾತನಾಡಿ, ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಲು ನೆರವಾಗುವವರು ತರಬೇತಿ ಪಡೆದ ಅಜ್ಜಿಯರೇ. 2016ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ, ಅವರ ಬಳಿ ಹೋದವರಿಗೆ ಆರು ತಿಂಗಳ ಬಳಿಕ ರೋಗಲಕ್ಷಣಗಳು ಮಾಮೂಲಿ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದವು. ಇಲ್ಲಿ ಹಿರಿಯರು ನೆರವು ಪಡೆಯುವವರಲ್ಲ, ಕೊಡುವವರು. ಮೇಷ್ಟ್ರು ಹೇಳಿದ ಕೊನೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ತಿಳಿದಿಲ್ಲ.

ಗಡಿಯ ವಿಚಾರಕ್ಕೆ ಬಂದರೆ, ಕೂಟ ನಡೆಸುವವರು ವ್ಯಾಯಾಮ ಮಾಡಿಸಬಹುದು, ತೂಕ ನೋಡಬಹುದು, ಮನೆಗೆ ಹೋಗಿ ವಿಚಾರಿಸಬಹುದು. ಮಾತ್ರೆ ಬದಲಿಸಿ, ನಿಲ್ಲಿಸಿ, ಅರ್ಧ ಮಾಡಿ ಎಂದು ಹೇಳುವ ಹಾಗಿಲ್ಲ. ಎದೆನೋವು, ಒಮ್ಮೆಲೇ ಬಂದ ಗೊಂದಲ, ಒಂದು ಕಡೆಯ ಕೈಕಾಲಿನ ಬಲ ಕುಂದುವುದು, ಬಿದ್ದು ತಲೆಗೆ ಪೆಟ್ಟು ಬೀಳುವುದು, ಸಾಯಬೇಕೆಂಬ ಮಾತು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಯಾರಿಗೆ ಫೋನ್ ಮಾಡಬೇಕು ಎಂಬುದು ಪ್ರತಿಯೊಬ್ಬರ ಬಳಿ ಬರೆದಿಟ್ಟಿರಬೇಕು.

ಔಷಧ ತಜ್ಞ

ಮಾತ್ರೆಗಳ ಪ್ರಸ್ತಾಪ ಬಂದದ್ದರಿಂದ ಚಿಕ್ಕದಾಗಿ ಸೇರಿಸುತ್ತೇನೆ. ವರ್ಷಕ್ಕೊಮ್ಮೆಯಾದರೂ ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಒಂದು ಚೀಲದಲ್ಲಿ ತುಂಬಿ ತರಲು ಹೇಳಿ, ಔಷಧ ಬಲ್ಲವರಿಂದ ಪರಿಶೀಲನೆ ಮಾಡಿಸಿರಿ. ಒಂದೇ ಔಷಧ ಎರಡು ಹೆಸರುಗಳಲ್ಲಿ ಇರುವುದು, ಎಂದೋ ನಿಲ್ಲಬೇಕಿದ್ದದ್ದು ಇನ್ನೂ ನಡೆಯುತ್ತಿರುವುದು ಸಾಮಾನ್ಯ. ಮುಖ್ಯವಾಗಿ ನಿದ್ರೆಯ ಮಾತ್ರೆಗಳು: ನ್ಯೂಜಿಲೆಂಡಿನಲ್ಲಿ ಒಟಾಗೊ ಕ್ರಮವನ್ನು ರೂಪಿಸಿದ ತಂಡವೇ ನಡೆಸಿದ 1999ರ ಪ್ರಯೋಗದಲ್ಲಿ ಇಂತಹ ಮನಸ್ಸಿನ ಮೇಲೆ ಕೆಲಸ ಮಾಡುವ ಮಾತ್ರೆಗಳನ್ನು ನಿಧಾನವಾಗಿ ಇಳಿಸಿದಾಗ ಬೀಳುವ ಪ್ರಮಾಣ ಶೇ. 66ರಷ್ಟು ತಗ್ಗಿತ್ತು. ಆದರೆ ಪ್ರಯೋಗ ಮುಗಿಯುತ್ತಲೇ ಅನೇಕರು ಮತ್ತೆ ಅದೇ ಮಾತ್ರೆಗೆ ಮರಳಿದರು, ಅಂದರೆ ಒಂದು ಸಲ ಹೇಳಿ ಕೈತೊಳೆದುಕೊಳ್ಳುವ ವಿಷಯ ಇದಲ್ಲ. ವೈದ್ಯರನ್ನು ಕೇಳದೆ ಯಾರೂ ಇವನ್ನು ದಿಢೀರನೆ ನಿಲ್ಲಿಸಬಾರದು, ಅದು ಅಪಾಯ. ಕಣ್ಣಿನ ಪೊರೆಯ ಬಗ್ಗೆಯೂ ಒಂದು ಮಾತು: ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ 2005ರ ಪ್ರಯೋಗದ ಆಧಾರವಿದೆ. ಕಾಯುವ ಪಟ್ಟಿಯಲ್ಲಿ ಹೆಸರಿದ್ದು ಹೋಗಲು ಜೊತೆಯಿಲ್ಲದೆ ಉಳಿದವರನ್ನು ಹುಡುಕಿದರೂ ಸಾಕಷ್ಟು ಕೆಲಸವಾಗುತ್ತದೆ.

ಅಮ್ಮನ ಆರೈಕೆ ಮಾಡುತ್ತಿರುವ ಮಗ

ಇಷ್ಟೂ ಬರಹಗಳನ್ನು ಓದಿದೆ. ಇಲ್ಲಿ ಎಲ್ಲರೂ ಮಾತನಾಡುತ್ತಿರುವುದು ನಡೆದು ಬರಬಲ್ಲ ಹಿರಿಯರ ಬಗ್ಗೆ. ನನ್ನ ತಾಯಿಗೆ ಮರೆವಿನ ಕಾಯಿಲೆ. ಅವರನ್ನು ಒಂಟಿಯಾಗಿ ಬಿಟ್ಟು ನಾನು ಪಕ್ಕದ ಮನೆಗೂ ಹೋಗಲಾರೆ. ನಮ್ಮಲ್ಲಿಗೂ ಒಂದು ಹಿರಿಯರ ಕೂಟ ಬಂತು. ‘ಕರೆದುಕೊಂಡು ಬನ್ನಿ’ ಎಂದರು, ಕರೆದೊಯ್ದೆ. ಗದ್ದಲಕ್ಕೆ ಅಮ್ಮ ಹೆದರಿ ಎದ್ದು ಹೊರಟರು. ಯಾರೂ ಕೆಟ್ಟದ್ದಾಗಿ ನಡೆದುಕೊಳ್ಳಲಿಲ್ಲ, ಆದರೆ ಮುಂದಿನ ವಾರ ‘ಬನ್ನಿ’ ಎಂದು ಯಾರೂ ಹೇಳಲಿಲ್ಲ.

ನಮ್ಮಂಥ ಮನೆಗಳಿಗೆ ಬೇಕಾದದ್ದು ಉಪನ್ಯಾಸವಲ್ಲ. ನಂಬಿಕಸ್ಥರೊಬ್ಬರು ವಾರದಲ್ಲಿ ಒಂದು ಮಧ್ಯಾಹ್ನ ಬಂದು ಅಮ್ಮನ ಜೊತೆ ಕೂತರೆ ನಾನು ಹೊರಗಿನ ಕೆಲಸ ಮುಗಿಸಿಕೊಂಡು, ಸಾಧ್ಯವಾದರೆ ಒಂದು ಗಂಟೆ ಮಲಗಿ ಏಳಬಹುದು. ಎರಡನೆಯದಾಗಿ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಹೊಸಿಲಿನ ಬಳಿ ಒಂದು ಮೆಟ್ಟಿಲು ಹಾಕಿಕೊಡುವವರು. ಆರೈಕೆ ಮಾಡುವವರ ಆರೋಗ್ಯವನ್ನು ಈ ಚರ್ಚೆಯಲ್ಲಿ ಇನ್ನೂ ಯಾರೂ ಎತ್ತಿಲ್ಲ, ನನಗೇ ಐವತ್ತೆಂಟು.

ಫಿಸಿಯೋಥೆರಪಿಸ್ಟ್

ನೀವು ಕೇಳಿದ್ದು ಅತಿಯಾದ ಬೇಡಿಕೆಯೇನಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ರೂಪಿಸಿದ ‘ಕೇಪಬಲ್’ ಎಂಬ ಕಾರ್ಯಕ್ರಮದಲ್ಲಿ ಒಬ್ಬ ನರ್ಸ್, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಸ್ವತಃ ಮಾಡಿಕೊಳ್ಳಲು ನೆರವಾಗುವ ತಜ್ಞರು) ಮತ್ತು ಒಬ್ಬ ರಿಪೇರಿ ಕೆಲಸದವರು ಸೇರಿ ಒಂದು ತಂಡ. ಏನು ಮಾಡಬೇಕೆಂದು ಅವರು ಹೇಳುವುದಿಲ್ಲ. ನಿಮಗೆ ಯಾವ ಕೆಲಸ ಕಷ್ಟವಾಗಿದೆ, ಯಾವುದನ್ನು ಮತ್ತೆ ತಾನಾಗಿ ಮಾಡುವಂತಾಗಬೇಕು ಎಂದು ಹಿರಿಯರನ್ನೇ ಕೇಳುತ್ತಾರೆ. ಸ್ನಾನ ಎಂದರೆ ಕಂಬಿ ಹಾಕಿ, ಕಾಲಿನ ಬಲ ಹೆಚ್ಚಿಸಿ, ನೋವಿಗೆ ವೈದ್ಯರ ಜೊತೆ ಮಾತನಾಡುತ್ತಾರೆ. ಬಡಗಿಯೊಬ್ಬರನ್ನು ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸೇರಿಸಿಕೊಳ್ಳುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಹಳ್ಳಿಯಲ್ಲಿ ಅಂಥ ಕೈಗಳು ತಜ್ಞ ವೈದ್ಯರಿಗಿಂತ ಬೇಗ ಸಿಗುತ್ತವೆ.

ನಿವೃತ್ತ ಶಿಕ್ಷಕ

ಆರೈಕೆ ಮಾಡುತ್ತಿರುವ ಸಹೋದರರ ಮಾತು ಮನಸ್ಸಿಗೆ ನಾಟಿತು. ನಾನು ಮೇಲೆ ಕೊಟ್ಟ ಬಾರದವರ ಪಟ್ಟಿಗೆ ಅವರ ತಾಯಿಯನ್ನೂ ಅವರನ್ನೂ ಸೇರಿಸಿಕೊಳ್ಳಬೇಕು.

ಗಂಡಸರ ವಿಷಯ ಪ್ರತ್ಯೇಕವಾಗಿ ಹೇಳಬೇಕಿದೆ. ಕೂಟಗಳಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಗಂಡಸರು ಬಂದರೂ ಬಾಗಿಲ ಬಳಿ ನಿಂತು ಹೋಗುತ್ತಾರೆ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಬೆಳೆದುಬಂದ ‘ಮೆನ್ಸ್ ಶೆಡ್’ಗಳಲ್ಲಿ ಇದಕ್ಕೊಂದು ಉಪಾಯವಿದೆ ಎಂದು ಓದಿದ್ದೇನೆ. ಅಲ್ಲಿ ಆರೋಗ್ಯದ ಫಲಕವನ್ನೇ ಹಾಕುವುದಿಲ್ಲ. ಮರಗೆಲಸ, ರಿಪೇರಿ, ಊರಿಗೆ ಬೇಕಾದ ಸಣ್ಣಪುಟ್ಟ ವಸ್ತುಗಳ ತಯಾರಿ ನಡೆಯುತ್ತದೆ. ಪಕ್ಕಪಕ್ಕದಲ್ಲಿ ನಿಂತು ಕೆಲಸ ಮಾಡುತ್ತ ಆಡುವ ಮಾತುಗಳ ನಡುವೆ ನಿದ್ದೆ ಬಾರದ್ದು, ಒಂಟಿತನ, ಮೂತ್ರದ ತೊಂದರೆ ಎಲ್ಲವೂ ಹೊರಬರುತ್ತವಂತೆ. ನನಗೆ ಇದು ನಿಜವೆನಿಸುತ್ತದೆ. ಎದುರುಬದುರು ಕೂರಿಸಿ ‘ಮನಸ್ಸಿನಲ್ಲೇನಿದೆ ಹೇಳಿ’ ಎಂದರೆ ನನ್ನ ಓರಗೆಯವರು ಹವಾಮಾನದ ಬಗ್ಗೆ ಮಾತನಾಡುತ್ತಾರೆ. ಸಹೋದರರ ಬಚ್ಚಲಿನ ಕಂಬಿಯನ್ನು ಅಂಥದ್ದೊಂದು ಗುಂಪಿಗೇ ವಹಿಸಬಹುದಲ್ಲವೇ?

ಕಿವಿಯ ಬಗ್ಗೆ ಮರೆಯಬೇಡಿ. ಪ್ರತಿಧ್ವನಿಸುವ ಹಾಲ್‌ನಲ್ಲಿ ಧ್ವನಿವರ್ಧಕ ಹಚ್ಚಿದರೆ ಕೇಳದವರಿಗೆ ಇನ್ನಷ್ಟು ಕೇಳುವುದಿಲ್ಲ. ಎಂಟು ಹತ್ತು ಜನ, ಮುಖ ಕಾಣುವ ಹಾಗೆ ವೃತ್ತಾಕಾರವಾಗಿ, ಬೆಳಕಿರುವ ಕಡೆ ಕೂರಬೇಕು.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ

ಕಿವಿಯ ಮಾತಿಗೆ ಪೂರಕವಾಗಿ: ಮರೆವಿನ ಕಾಯಿಲೆಯ ಕುರಿತ ಲ್ಯಾನ್ಸೆಟ್ ಆಯೋಗವು 2024ರಲ್ಲಿ ಗುರುತಿಸಿದ, ಬದಲಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷ, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಸಾಮಾಜಿಕ ಒಂಟಿತನ, ಖಿನ್ನತೆ, ದೈಹಿಕ ಚಟುವಟಿಕೆಯ ಕೊರತೆ ಎಲ್ಲವೂ ಇವೆ. ಇವೆಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು. ಈ ಸಂಖ್ಯೆಯನ್ನು ಒಬ್ಬ ವ್ಯಕ್ತಿಗೆ ಅನ್ವಯಿಸಿ ಭರವಸೆ ಕೊಡಬಾರದು, ಇಡೀ ಜನಸಮುದಾಯದ ಮಟ್ಟದ ಲೆಕ್ಕವದು.

ಸ್ಥಳೀಯ ಆಡಳಿತದ ಉದ್ಯೋಗಿ

ಭಿನ್ನ ದನಿಯೊಂದನ್ನು ದಾಖಲಿಸುತ್ತೇನೆ. ನೀವೆಲ್ಲ ಹೇಳುತ್ತಿರುವುದು ಸರಿಯಾದರೂ ಹಣ ಕೊಡುವವರ ಮೇಜಿನ ಮೇಲೆ ಅದು ನಿಲ್ಲುವುದು ಕಷ್ಟ. ಅವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಜನ ಬಂದರು’ ಎಂಬುದೇ. ಒಂದು ಶಿಬಿರದಲ್ಲಿ ಮುನ್ನೂರು ಜನರ ಹೆಸರು ಬರುತ್ತದೆ. ಹಾಸಿಗೆ ಹಿಡಿದ ನಾಲ್ವರ ಮನೆಗೆ ವರ್ಷವಿಡೀ ಹೋದರೆ ನಾಲ್ಕೇ ಹೆಸರು. ನೀವು ಶಿಬಿರ ಬಿಟ್ಟರೆ ಎರಡನೆಯ ವರ್ಷ ಕಾರ್ಯಕ್ರಮವೇ ಇರುವುದಿಲ್ಲ.

ಇನ್ನೊಂದು, ಕಾರ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಹೋಗುವ ದಾರಿ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಹಿರಿಯಸ್ನೇಹಿ ನಗರಗಳ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮಾರ್ಗದರ್ಶಿ ಹೊರತಂದ ವರ್ಷವೇ ಕೆನಡಾ ದೇಶವು ಗ್ರಾಮೀಣ ಮತ್ತು ದುರ್ಗಮ ಪ್ರದೇಶಗಳಿಗಾಗಿ ಪ್ರತ್ಯೇಕ ಮಾರ್ಗದರ್ಶಿಯನ್ನು ಸಿದ್ಧಪಡಿಸಿತು, ಏಕೆಂದರೆ ನಗರದ ಪಟ್ಟಿ ಹಳ್ಳಿಗೆ ಹೊಂದುವುದಿಲ್ಲ. ದಾರಿಯಲ್ಲಿ ಕೂರಲು ಒಂದು ಕಟ್ಟೆ, ಒಂದು ದೀಪ, ಕೂಟದ ಜಾಗದಲ್ಲಿ ಬಳಸಲು ಯೋಗ್ಯವಾದ ಶೌಚಾಲಯ, ವಾರದಲ್ಲಿ ಒಂದು ದಿನವಾದರೂ ಬರುವ ವಾಹನ: ಇವನ್ನು ಸ್ಥಳೀಯ ಆಡಳಿತದಿಂದ ಕೇಳಿ ಪಡೆಯಿರಿ. ನಿಮ್ಮ ಅಲ್ಪ ಹಣವನ್ನು ಇದಕ್ಕೆ ಸುರಿಯಬೇಡಿ.

ಸಮುದಾಯ ನರ್ಸ್

ಹಣ ಕೊಡುವವರು ಎಣಿಕೆ ಕೇಳುತ್ತಾರೆ ಎಂಬುದು ನಿಜ. ಹಾಗಾದರೆ ಎಣಿಕೆಯನ್ನೇ ಬದಲಿಸಿ ಕೊಡೋಣ. ಮೊದಲ ತಿಂಗಳಲ್ಲಿ ಮನೆಮನೆಗೆ ಹೋಗಿ 60 ದಾಟಿದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡರೆ ನಿಮ್ಮ ಬಳಿ ಪೂರ್ಣ ಪಟ್ಟಿ ಇರುತ್ತದೆ. ಆಮೇಲೆ ‘ಇಷ್ಟು ಜನ ಬಂದರು’ ಎನ್ನುವ ಬದಲು ‘ಇಷ್ಟು ಜನರಲ್ಲಿ ಇಷ್ಟು ಜನರನ್ನು ತಲುಪಿದೆವು, ಒಂಟಿಯಾಗಿರುವವರಲ್ಲಿ ಇಷ್ಟು, ಮನೆಯಿಂದ ಹೊರಬರಲಾಗದವರಲ್ಲಿ ಇಷ್ಟು’ ಎಂದು ಹೇಳಬಹುದು. ಜೊತೆಗೆ ಕುರ್ಚಿಯ ಪರೀಕ್ಷೆಯನ್ನು ಆರಂಭದಲ್ಲೂ ಆರು ತಿಂಗಳಿಗೂ ವರ್ಷಾಂತ್ಯಕ್ಕೂ ಮಾಡಿ, ಬಿದ್ದವರ ಮಾಹಿತಿಯನ್ನು ತಿಂಗಳು ತಿಂಗಳು ಕೇಳಿ ಬರೆದಿಡಿ. ಮುನ್ನೂರು ಸಹಿಗಳಿಗಿಂತ ಇದು ಗಟ್ಟಿಯಾದ ವರದಿ ಎಂದು ವಾದಿಸಲು ನಾನು ಸಿದ್ಧಳಿದ್ದೇನೆ.

ಸಂಘಟಕಿ

ನಮ್ಮ ಗುಂಪು ಕುಳಿತು ಚರ್ಚಿಸಿದ ಬಳಿಕ ಒಪ್ಪಿಕೊಂಡ ಕ್ರಮ ಹೀಗಿದೆ. ಮೊದಲ ಎರಡು ತಿಂಗಳು ಯಾವ ಕಾರ್ಯಕ್ರಮವನ್ನೂ ಉದ್ಘಾಟಿಸುವುದಿಲ್ಲ. ಮನೆಮನೆಗೆ ಹೋಗಿ ಪಟ್ಟಿ ಮಾಡುವುದು, ಐಕೋಪ್ ಕ್ರಮದ ಆರು ಸಂಗತಿಗಳನ್ನು ನೋಡುವುದು ಮತ್ತು ಕೂಟ ನಡೆಸಲು ಮನಸ್ಸಿರುವ ಹಿರಿಯರನ್ನು ಗುರುತಿಸುವುದು. ಆಮೇಲೆ ನಡೆದು ಹೋಗುವಷ್ಟು ದೂರದಲ್ಲಿ ಸಣ್ಣ ಕೂಟಗಳು, ಪ್ರತಿ ಕೂಟದ ಕೊನೆಗೆ ನಿಂತು ಮಾಡುವ ವ್ಯಾಯಾಮ, ಮನೆಯಲ್ಲಿ ಮುಂದುವರಿಸಲು ಚಿತ್ರಗಳಿರುವ ಹಾಳೆ. ಹೊರಬರಲಾಗದವರ ಮನೆಗೆ ವಾರಕ್ಕೊಮ್ಮೆ ಒಬ್ಬರು ಹೋಗುತ್ತಾರೆ, ಮತ್ತು ಆ ಭೇಟಿಯನ್ನು ಆರೈಕೆ ಮಾಡುವವರ ಬಿಡುವಿನ ವೇಳೆಯೆಂದೇ ಲೆಕ್ಕ ಹಾಕುತ್ತೇವೆ. ಮರಗೆಲಸದ ಗುಂಪಿಗೆ ಮೇಷ್ಟ್ರು ಹೇಳಿದ ಹಾಗೆ ಬಚ್ಚಲಿನ ಕಂಬಿಗಳಿಂದಲೇ ಆರಂಭ. ಶಿಬಿರ ವರ್ಷಕ್ಕೆ ಎರಡು ಮಾತ್ರ, ಅದೂ ಪಟ್ಟಿಯಲ್ಲಿ ತೊಂದರೆ ಕಂಡುಬಂದವರಿಗಾಗಿ, ವಾಹನದ ವ್ಯವಸ್ಥೆಯೊಂದಿಗೆ.

ಬಗೆಹರಿಯದೆ ಉಳಿದಿರುವುದು ಕೂಲಿಗೆ ಹೋಗುವ ಹಿರಿಯರ ವಿಷಯ. ಹಗಲು ಅವರು ಸಿಗುವುದಿಲ್ಲ, ಸಂಜೆ ದಣಿದಿರುತ್ತಾರೆ, ದಿನದ ಸಂಪಾದನೆ ಬಿಟ್ಟು ಬನ್ನಿ ಎನ್ನುವ ಹಕ್ಕು ನಮಗಿಲ್ಲ. ವಿಯೆಟ್ನಾಮಿನಲ್ಲಿ ಹಿರಿಯರಿಗಾಗಿ ದುಡಿಯುವ ಹೆಲ್ಪ್‌ಏಜ್ ಸಂಸ್ಥೆಯ ಬೆಂಬಲದಿಂದ ಬೆಳೆದ ಅಂತರ್‌ಪೀಳಿಗೆಯ ಸ್ವಸಹಾಯ ಕ್ಲಬ್‌ಗಳು ಆರೋಗ್ಯದ ಜೊತೆಗೇ ಸಣ್ಣ ಸಾಲ ಮತ್ತು ಗಳಿಕೆಯ ಕೆಲಸವನ್ನೂ ಸೇರಿಸಿಕೊಂಡಿವೆ ಎಂದು ತಿಳಿದಿದೆ. ನಮಗೆ ಈ ವರ್ಷ ಅಷ್ಟು ಶಕ್ತಿಯಿಲ್ಲ. ಇದರಲ್ಲಿ ಅನುಭವವಿರುವವರು ಬರೆಯಬೇಕೆಂದು ಕೋರುತ್ತೇನೆ.

ಫಿಸಿಯೋಥೆರಪಿಸ್ಟ್

ಕೂಲಿಗೆ ಹೋಗುವವರಿಗೆ ವ್ಯಾಯಾಮದ ಕೊರತೆ ಇರುವುದಿಲ್ಲ, ಅವರ ತೊಂದರೆ ಬೆನ್ನು, ಮೊಣಕಾಲು, ಕಣ್ಣು ಮತ್ತು ರಕ್ತದೊತ್ತಡ. ಅವರನ್ನು ಕೂಟಕ್ಕೆ ಕರೆಯುವ ಪ್ರಯತ್ನ ಬಿಟ್ಟು, ಕೆಲಸದ ಜಾಗಕ್ಕೇ ಬೆಳಗಿನ ಹೊತ್ತು ಒಬ್ಬರು ಹೋಗಿ ಒತ್ತಡ ಅಳೆದು, ಭಾರ ಎತ್ತುವ ಸರಿಯಾದ ಬಗೆ ತೋರಿಸಿ, ಮಾತ್ರೆ ತಲುಪಿಸಿ ಬರುವುದು ಸಾಧ್ಯವೇ ನೋಡಿ. ಅರ್ಧ ಗಂಟೆಗಿಂತ ಹೆಚ್ಚು ತೆಗೆದುಕೊಳ್ಳಬೇಡಿ.

ಸ್ಥಳೀಯ ಆಡಳಿತದ ಉದ್ಯೋಗಿ

ಸಂಘಟಕರೇ, ಪಟ್ಟಿ ಮಾಡುವ ಮೊದಲು ಪ್ರತಿಯೊಬ್ಬರ ಒಪ್ಪಿಗೆ ಪಡೆಯಿರಿ, ಒಂಟಿಯಾಗಿ ವಾಸಿಸುವವರ ವಿವರ ಯಾರ ಕೈಗೆ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಗೊತ್ತುಮಾಡಿ. ಅದು ತಪ್ಪು ಕೈಗೆ ಹೋದರೆ ಕಳ್ಳರಿಗೆ ದಾರಿ ತೋರಿಸಿದ ಹಾಗಾಗುತ್ತದೆ. ನರ್ಸ್ ಮೇಡಂ ಹೇಳಿದ ವರದಿಯ ನಮೂನೆ ಸಿದ್ಧವಾದ ಮೇಲೆ ಇಲ್ಲಿಯೇ ಹಂಚಿಕೊಳ್ಳಿ. ಹಣ ಕೊಡುವವರ ಮುಂದೆ ಇಡುವ ಮೊದಲು ಅವರು ಎಲ್ಲೆಲ್ಲಿ ತಕರಾರು ತೆಗೆಯಬಹುದು ಎಂಬುದನ್ನು ಗುರುತು ಹಾಕಿ ಕೊಡುತ್ತೇನೆ.